ಪಾರ್ಸಿ ಸೂಫಿ ಕಾವ್ಯದ ‘ನಾನು’: ಅಳಿಯಬೇಕಾದುದು ಮತ್ತು ಉಳಿಯಬೇಕಾದುದು

ನಮ್ಮ ದಿನಬಳಕೆಯ ಕನ್ನಡದಲ್ಲಿ ‘ಖುದ್ದು’ ಎಂಬ ಒಂದು ಶಬ್ದವಿದೆ. ತಹಶೀಲ್ದಾರರ ಕಚೇರಿಯಿಂದ ನೋಟೀಸು ಬಂದರೆ ಅದರಲ್ಲಿ ‘ಖುದ್ದಾಗಿ ಹಾಜರಾಗತಕ್ಕದ್ದು’ ಎಂದು ಬರೆದಿರುತ್ತದೆ. ವ್ಯವಹಾರದಲ್ಲಿ ಮಾತು ಕೆಟ್ಟಾಗ ಗದಗಿನ ವ್ಯಾಪಾರಿಯು ‘ಮಗನ್ನ ಕಳಸಬ್ಯಾಡ್ರಿ, ಖುದ್ದ ನೀವ ಬರ್ರಿ’ ಎನ್ನುತ್ತಾನೆ. ಈ ಶಬ್ದವು ಪಾರ್ಸಿಯ ‘ಖುದ್’ ಎಂಬುದರಿಂದ ನಮ್ಮಲ್ಲಿಗೆ ಬಂದುದು. ‘ಖುದ್’ ಎಂದರೆ ತಾನು, ಸ್ವತಃ. ಅದರಿಂದಲೇ ‘ಖುದಿ’ ಅಂದರೆ ತಾನೆಂಬ ಭಾವ, ‘ಬೇಖುದಿ’ ಅಂದರೆ ತನ್ನನ್ನು ಮರೆತ ಸ್ಥಿತಿ ಎಂಬ ಶಬ್ದಗಳು ಹುಟ್ಟಿದವು. ಪಾರ್ಸಿ ಸೂಫಿ ಕಾವ್ಯದ ಬಹುಭಾಗವು ಈ ಎರಡು ಶಬ್ದಗಳ ಸುತ್ತ ತಿರುಗುತ್ತದೆ.

ಲಕ್ಷ್ಮೇಶ್ವರದ ಜುಮ್ಮಾ ಮಸೀದಿಯನ್ನು ಆದಿಲ್‌ಶಾಹಿ ಅಧಿಕಾರಿ ಅಂಕುಶ್ ಖಾನನು 1617ರಲ್ಲಿ ಕಟ್ಟಿಸಿದಾಗ ಪಾರ್ಸಿಯು ವಿಜಯಪುರದ ಆಸ್ಥಾನದ ಭಾಷೆಯಾಗಿತ್ತು. ಇಂದು ಆ ಭಾಷೆಯನ್ನು ಮೂಲದಲ್ಲಿ ಓದಬಲ್ಲವರು ನಮ್ಮ ಸೀಮೆಯಲ್ಲಿ ವಿರಳ. ಆದರೆ ಆ ಕಾವ್ಯದ ಮಾತುಗಳು ಮಾತ್ರ ನಮ್ಮ ನಡುವೆ ಇವೆ. ಉರುಸಿನ ಕವ್ವಾಲಿಯಲ್ಲಿ, ವಅಝಿನ ವೇದಿಕೆಯಲ್ಲಿ, ಮೊಬೈಲಿನಲ್ಲಿ ಹರಿದಾಡುವ ಎರಡೆರಡು ಸಾಲಿನ ತುಣುಕುಗಳಲ್ಲಿ ಅವು ಕೇಳಿಬರುತ್ತವೆ. ಹೀಗೆ ತುಂಡುತುಂಡಾಗಿ ಕೇಳಿದವರಲ್ಲಿ ಎರಡು ಬಗೆಯ ತಪ್ಪು ತಿಳುವಳಿಕೆ ಬೆಳೆಯುವುದನ್ನು ನೀವೂ ನೋಡಿರಬಹುದು.

ಮೊದಲನೆಯ ಬಗೆಯವನು, ‘ಇರುವವನು ಅವನೊಬ್ಬನೇ. ನಾನೇ ಇಲ್ಲದ ಮೇಲೆ ಯಾರು ಯಾರಿಗೆ ಸಜ್ದಾ ಮಾಡಬೇಕು?’ ಎಂದು ಹೇಳಿ ನಮಾಝನ್ನು ಬಿಡುತ್ತಾನೆ. ಎರಡನೆಯ ಬಗೆಯವನು ಅದೇ ಮಾತನ್ನು ಕೇಳಿ, ಆ ಕವಿಗಳೆಲ್ಲರೂ ದಾರಿ ತಪ್ಪಿದವರೆಂದು ಬಗೆದು, ಅವರ ಹೆಸರು ಹೇಳಿದ ನೆರೆಮನೆಯವನ ಈಮಾನನ್ನೇ ಶಂಕಿಸುತ್ತಾನೆ. ಒಬ್ಬನು ಕಾವ್ಯದ ಹೆಸರಿನಲ್ಲಿ ಶರೀಅತ್ತನ್ನು ಕಳೆದುಕೊಂಡರೆ, ಇನ್ನೊಬ್ಬನು ಶರೀಅತ್ತಿನ ಹೆಸರಿನಲ್ಲಿ ವಿನಯವನ್ನು ಕಳೆದುಕೊಂಡನು. ಆದುದರಿಂದ ಈ ಕವಿಗಳು ‘ನಾನು’ ಹೋಗಬೇಕು ಎನ್ನುವಾಗ ಯಾವ ‘ನಾನು’ ಹೋಗಬೇಕೆಂದರು, ಯಾವುದು ಉಳಿಯಬೇಕೆಂದರು ಎಂಬುದನ್ನು ಶಾಂತವಾಗಿ ವಿಚಾರಿಸೋಣ.

ಇರವು ಎಂಬ ಕೈಗಡ

ಪಾರ್ಸಿಯಲ್ಲಿ ಇರುವಿಕೆಗೆ ‘ಹಸ್ತಿ’ ಎಂದೂ ಇಲ್ಲದಿರುವಿಕೆಗೆ ‘ನೇಸ್ತಿ’ ಎಂದೂ ಹೇಳುತ್ತಾರೆ. ಉರ್ದುವಿನಲ್ಲಿ ನಾವು ಕೇಳುವ ‘ನೇಸ್ತ್-ನಾಬೂದ್’ ಎಂಬುದು ಈ ಬೇರಿನದೇ. ಸೂಫಿ ಕವಿಗಳು ಮನುಷ್ಯನ ಹಸ್ತಿಯನ್ನು ನೇಸ್ತಿ ಎಂದು ಕರೆದಾಗ ಅವರ ಕಣ್ಣ ಮುಂದೆ ಇದ್ದುದು ಪವಿತ್ರ ಕುರ್‌ಆನಿನ ಬೋಧನೆಯೇ. ಅಲ್ಲಾಹನ ಹೊರತು ಎಲ್ಲವೂ ನಾಶ ಹೊಂದತಕ್ಕದ್ದು ಎಂದು ಸೂರಃ ಅಲ್‌ಕಸಸ್ ತಿಳಿಸುತ್ತದೆ. ಮನುಷ್ಯರೆಲ್ಲರೂ ಅಲ್ಲಾಹನ ಮುಂದೆ ಫಕೀರರು, ಅವನೊಬ್ಬನೇ ನಿರಪೇಕ್ಷನು ಎಂದು ಸೂರಃ ಫಾತಿರ್ ತಿಳಿಸುತ್ತದೆ.

ಇಲ್ಲಿ ‘ಫಕೀರ’ ಎಂಬ ಶಬ್ದವನ್ನು ಗಮನಿಸಿರಿ. ಶಿರಹಟ್ಟಿಯ ಸುತ್ತಮುತ್ತ ಹಿಂದೂ ಮುಸ್ಲಿಮರೆನ್ನದೆ ಮನೆಮನೆಯಲ್ಲಿ ‘ಫಕೀರಪ್ಪ’, ‘ಫಕೀರವ್ವ’, ‘ಫಕೀರಸಾಬ’ ಎಂಬ ಹೆಸರುಗಳಿವೆ. ಅಲ್ಲಿಯ ಫಕೀರೇಶ್ವರ ಮಠದ ಪರಂಪರೆಯು ವಿಜಯಪುರದ ಖ್ವಾಜಾ ಅಮೀನುದ್ದೀನರ ಹೆಸರನ್ನು ಇಂದಿಗೂ ಗೌರವದಿಂದ ಸ್ಮರಿಸುತ್ತದೆ. ನಾವು ಫಕೀರನೆಂದರೆ ಜೋಳಿಗೆ ಹಿಡಿದು ಬೇಡುವವನು ಎಂದಷ್ಟೇ ತಿಳಿದಿದ್ದೇವೆ. ಕುರ್‌ಆನಿನ ಅರ್ಥದಲ್ಲಿ ಹತ್ತಿಯ ದಲಾಲನೂ ಫಕೀರನೇ, ಮಂತ್ರಿಯೂ ಫಕೀರನೇ. ಉಸಿರು, ಕಣ್ಣಿನ ಬೆಳಕು, ನಾಲಗೆಯ ರುಚಿ ಇವೆಲ್ಲ ಕೈಗಡವಾಗಿ ಬಂದವುಗಳು. ಕೊಟ್ಟವನು ಕೇಳಿದ ಗಳಿಗೆಯಲ್ಲಿ ಹಿಂದಿರುಗಿಸಬೇಕು. ಶೇಖ್ ಫರೀದುದ್ದೀನ್ ಅತ್ತಾರರು ತಮ್ಮ ‘ಮನ್ತಿಕುತ್ತೈರ್’ ಎಂಬ ಕಾವ್ಯದಲ್ಲಿ ಹಕ್ಕಿಗಳು ದಾಟಬೇಕಾದ ಏಳು ಕಣಿವೆಗಳನ್ನು ವರ್ಣಿಸಿ, ಕೊನೆಯ ಕಣಿವೆಗೆ ಫಕ್ರ್ ಮತ್ತು ಫನಾ ಎಂದು ಹೆಸರಿಟ್ಟದ್ದು ಈ ಕಾರಣಕ್ಕೇ. ತನ್ನದೇನೂ ಇಲ್ಲವೆಂದು ಅರಿಯುವುದು ಫಕ್ರ್. ಆ ಅರಿವಿನಲ್ಲಿ ‘ನನ್ನದು’ ಎಂಬ ಹಕ್ಕುಸಾಧನೆಯು ಅಳಿದುಹೋಗುವುದು ಫನಾ.

ಹಾಗಾದರೆ ಜಗತ್ತು ಸುಳ್ಳೇ? ಬೆಟಗೇರಿಯ ಕೈಮಗ್ಗದ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿರಿ. ಹಾಸು, ಹೊಕ್ಕು, ಬಣ್ಣ, ಅಂಚು ಎಲ್ಲವೂ ನೇಕಾರನ ಕೈಯಿಂದ ಬಂದವು. ಸೀರೆಯು ಸುಳ್ಳಲ್ಲ, ಅದು ಇದೆ. ಆದರೆ ತಾನಾಗಿ ಇಲ್ಲ. ‘ನಾನು ಇಲ್ಲವೇ ಇಲ್ಲ’ ಎಂದು ಸೀರೆ ಹೇಳಿದರೆ ಅದು ನೇಕಾರನ ಕೆಲಸವನ್ನು ಅಲ್ಲಗಳೆದಂತೆ. ‘ನಾನೇ ನೇಕಾರ’ ಎಂದರೆ ಅದು ಬುದ್ಧಿಗೇಡಿತನ. ಈ ಹೋಲಿಕೆಗೂ ಒಂದು ಮಿತಿಯಿದೆ. ಸೀರೆಯು ಮಗ್ಗದಿಂದ ಇಳಿದ ಮೇಲೆ ನೇಕಾರನಿಲ್ಲದೆಯೂ ಬಾಳುತ್ತದೆ. ನಾವು ಹಾಗಲ್ಲ. ಅಲ್ಲಾಹನು ‘ಕಯ್ಯೂಮ್’, ಪ್ರತಿಯೊಂದು ಕ್ಷಣವೂ ಅವನು ಎತ್ತಿ ಹಿಡಿದಿದ್ದರಿಂದಲೇ ನಾವು ಇದ್ದೇವೆ.

ವಿದ್ವಾಂಸರ ಎರಡು ದಾರಿ

ಈ ವಿಷಯದಲ್ಲಿ ಹಿರಿಯರಲ್ಲಿ ಭಿನ್ನಾಭಿಪ್ರಾಯವಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಸ್ಪೇನಿನಲ್ಲಿ ಹುಟ್ಟಿ 1240ರಲ್ಲಿ ದಮಾಸ್ಕಸ್ಸಿನಲ್ಲಿ ನಿಧನರಾದ ಶೇಖ್ ಇಬ್ನುಲ್ ಅರಬಿಯವರ ಅನುಯಾಯಿಗಳು ‘ವಹ್ದತುಲ್ ವುಜೂದ್’ ಎಂಬ ತತ್ವವನ್ನು ವಿವರಿಸಿದರು. ನಿಜವಾದ ಇರವು ಒಂದೇ, ಉಳಿದುದೆಲ್ಲ ಅದರ ಪ್ರಕಟರೂಪ ಎಂಬುದು ಅದರ ಸಾರ. ಶಬಿಸ್ತರಿಯವರು 1317ರಲ್ಲಿ ಬರೆದ ‘ಗುಲ್ಶನೆ ರಾಝ್’ ಎಂಬ ಕಾವ್ಯವು ಇದೇ ನೆಲೆಯಲ್ಲಿ ನಿಂತಿದೆ. ಅದು ಪ್ರಶ್ನೋತ್ತರ ರೂಪದ ಕಾವ್ಯ. ‘ನಾನು ಯಾರು?’ ಎಂಬುದೂ ಆ ಪ್ರಶ್ನೆಗಳಲ್ಲಿ ಒಂದು.

ಮುಜದ್ದಿದ್ ಅಲ್ಫೆಸಾನಿ ಶೇಖ್ ಅಹ್ಮದ್ ಸರ್‌ಹಿಂದಿ(ರ)ಯವರು (1564-1624) ತಮ್ಮ ಪಾರ್ಸಿ ಪತ್ರಗಳಲ್ಲಿ ಇದನ್ನು ತಿದ್ದಿದರು. ಸೂರ್ಯನನ್ನು ನೋಡುವವನ ಕಣ್ಣಿಗೆ ನಕ್ಷತ್ರಗಳು ಕಾಣಿಸುವುದಿಲ್ಲ, ಹಾಗೆಂದು ನಕ್ಷತ್ರಗಳು ಇಲ್ಲವಾಗಿಲ್ಲ ಎಂಬ ದೃಷ್ಟಾಂತವನ್ನು ಅವರು ಕೊಟ್ಟರು. ಒಂದೇ ಕಾಣುವುದು ನೋಡುವವನ ಅನುಭವ. ಒಂದೇ ಇರುವುದೆಂದು ಅದರಿಂದ ಸಾಧಿಸಲಾಗದು. ಇದನ್ನು ‘ವಹ್ದತುಶ್ಶುಹೂದ್’ ಎನ್ನುತ್ತಾರೆ. ಸೃಷ್ಟಿಕರ್ತನು ಸೃಷ್ಟಿಕರ್ತನೇ, ದಾಸನು ದಾಸನೇ.

ನಮ್ಮ ಕರ್ನಾಟಕದಲ್ಲಿ ಈ ಎಚ್ಚರ ಇನ್ನೂ ಮೊದಲೇ ಇತ್ತು. ದೆಹಲಿಯಿಂದ ಕಲಬುರಗಿಗೆ ಬಂದು ನೆಲೆಸಿ 1422ರಲ್ಲಿ ನಿಧನರಾದ ಖ್ವಾಜಾ ಬಂದಾ ನವಾಝ್ ಗೇಸೂದರಾಝ್(ರ)ರವರು ಪಾರ್ಸಿಯಲ್ಲಿ ಗ್ರಂಥಗಳನ್ನೂ ಕವಿತೆಗಳನ್ನೂ ರಚಿಸಿದ ಸೂಫಿಗಳು. ಪ್ರೇಮದ ಮಾತು ಅವರಲ್ಲಿ ತುಂಬಿದೆ. ಆದರೂ ಇಬ್ನುಲ್ ಅರಬಿಯವರ ಮಾರ್ಗವನ್ನು ಅವರು ಬಹಿರಂಗವಾಗಿ ವಿಮರ್ಶಿಸಿದರು; ಶರೀಅತ್ತನ್ನು ಬಿಟ್ಟ ತರೀಕತನ್ನು ಒಪ್ಪಲಿಲ್ಲ. ಮುಂದೆ ಈಗಿನ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಬಾಳಿದ ಕಾಝಿ ಮಹ್ಮೂದ್ ಬಹ್ರಿಯವರು 1700ರಲ್ಲಿ ದಖನಿಯಲ್ಲಿ ‘ಮನ್ ಲಗನ್’ ಎಂಬ ಕಾವ್ಯವನ್ನು ರಚಿಸಿ, ಅದೇ ವಿಚಾರಗಳನ್ನು ಪಾರ್ಸಿಯಲ್ಲೂ ಬರೆದರು. ಅಂದರೆ ಈ ಚರ್ಚೆ ನಮಗೆ ದೂರದ ಶೀರಾಝಿನದಾಗಲಿ ಬಲ್ಖಿನದಾಗಲಿ ಮಾತ್ರವಲ್ಲ. ನಮ್ಮ ಕಪ್ಪು ಮಣ್ಣಿನಲ್ಲೇ ಅದು ನಡೆದುಹೋಗಿದೆ.

ಮೌಲಾನಾ ರೂಮಿಯವರು (1207-1273) ‘ಮಸ್ನವಿ’ಯಲ್ಲಿ ಕೊಟ್ಟ ಒಂದು ದೃಷ್ಟಾಂತವು ಈ ಎರಡೂ ದಾರಿಯವರಿಗೆ ಉಪಕಾರಿಯಾಗಿದೆ. ಮಟಮಟ ಮಧ್ಯಾಹ್ನ ದೀಪವನ್ನು ಬಿಸಿಲಿಗೆ ತನ್ನಿ. ಅದರ ಬೆಳಕು ಕಾಣುವುದಿಲ್ಲ, ಇಲ್ಲವೆಂದೇ ಹೇಳಬಹುದು. ಆದರೆ ಅದರ ಮೇಲೆ ಅರಳೆಯನ್ನು ಇಟ್ಟು ನೋಡಿ, ಸುಟ್ಟುಹೋಗುತ್ತದೆ. ಮುಂಡರಗಿಯ ಏಪ್ರಿಲ್ ಬಿಸಿಲನ್ನು ಕಂಡವರಿಗೆ ಈ ಮಾತು ಬೇಗ ಮನದಟ್ಟಾಗುತ್ತದೆ. ದೀಪವು ಇದ್ದೂ ಇಲ್ಲದಂತಿದೆ. ತನ್ನ ಬೆಳಕಿನ ಬಡಾಯಿ ಹೋಗಿದೆ. ಆದರೆ ತನ್ನ ಗುಣ, ತನ್ನ ಕೆಲಸ, ತನ್ನ ಹೊಣೆ ಉಳಿದಿದೆ.

ಅಳಿಯಬೇಕಾದ ‘ನಾನು’

ಸೃಷ್ಟಿಯಲ್ಲಿ ಮೊದಲು ‘ನಾನು’ ಎಂದು ಎದೆಯುಬ್ಬಿಸಿದವನು ಯಾರು? ಆದಮ್(ಅ)ರಿಗೆ ತಲೆಬಾಗಲು ಆಜ್ಞೆಯಾದಾಗ, ತಾನು ಅವರಿಗಿಂತ ಮೇಲು, ತನ್ನದು ಬೆಂಕಿ ಅವರದು ಮಣ್ಣು ಎಂದು ವಾದಿಸಿದ ಇಬ್ಲೀಸನು. ಅನಂತರ ತಾನೇ ಅತ್ಯುನ್ನತ ಪ್ರಭುವೆಂದು ಸಾರಿದವನು ಫಿರ್‌ಔನ್. ಕುಲ, ಬಣ್ಣ, ಗದ್ದುಗೆ ಇವುಗಳನ್ನು ಮುಂದಿಟ್ಟು ಇನ್ನೊಬ್ಬರನ್ನು ಕೀಳಾಗಿ ಕಾಣುವ ಈ ‘ನಾನು’ ಅಳಿಯಲೇಬೇಕು. ಕವಿಗಳ ಬಾಣವೆಲ್ಲ ಇದರ ಮೇಲೆಯೇ.

ರೂಮಿಯವರ ಪ್ರಸಿದ್ಧ ಕಥೆಯೊಂದಿದೆ. ಒಬ್ಬನು ಗೆಳೆಯನ ಬಾಗಿಲು ತಟ್ಟುತ್ತಾನೆ. ಒಳಗಿನಿಂದ ಯಾರೆಂದು ಕೇಳಿದಾಗ ‘ನಾನು’ ಎನ್ನುತ್ತಾನೆ. ಬಾಗಿಲು ತೆರೆಯುವುದಿಲ್ಲ. ಒಂದು ವರ್ಷ ಅಗಲಿಕೆಯಲ್ಲಿ ಬೆಂದು, ಹಣ್ಣಾಗಿ ಮರಳಿ ಬಂದು ತಟ್ಟುತ್ತಾನೆ. ಈ ಸಲ ಯಾರೆಂದು ಕೇಳಿದಾಗ, ಬಾಗಿಲಲ್ಲಿರುವುದೂ ನೀನೇ ಎನ್ನುತ್ತಾನೆ. ಎರಡು ‘ನಾನು’ಗಳಿಗೆ ಎಡೆಯಿಲ್ಲದ ಆ ಮನೆಯ ಬಾಗಿಲು ಆಗ ತೆರೆಯುತ್ತದೆ. ನಮ್ಮ ನೆರೆಯ ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರ ಬಗ್ಗೆಯೂ ಇಂತಹ ಐತಿಹ್ಯವಿದೆ. ಮೋಕ್ಷಕ್ಕೆ ಹೋಗುವವರು ಯಾರೆಂಬ ಪ್ರಶ್ನೆ ಬಂದಾಗ, ‘ನಾನು’ ಎಂಬುದು ಹೋದರೆ ತಾನು ಹೋಗಬಹುದೆಂದು ಅವರು ಉತ್ತರಿಸಿದರಂತೆ. ಶಿಶುನಾಳ ಶರೀಫರ (1819-1889) ತತ್ವಪದಗಳನ್ನು ಕೇಳುತ್ತ ಬೆಳೆದ ನಮ್ಮ ಸೀಮೆಯ ಜನರಿಗೆ ಈ ಬೋಧನೆ ಹೊಸದಲ್ಲ. ಧರ್ಮಗಳ ಸಿದ್ಧಾಂತ ಬೇರೆಬೇರೆಯಾಗಿದ್ದರೂ ಅಹಂಕಾರವೆಂಬ ರೋಗವನ್ನು ಎಲ್ಲರೂ ಗುರುತಿಸಿದ್ದಾರೆ.

ಇನ್ನು ಹದೀಸಿಗೆ ಬರೋಣ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಬಂದಿರುವಂತೆ, ಹಝ್ರತ್ ಜಾಬಿರ್ ಬಿನ್ ಅಬ್ದುಲ್ಲಾಹ್(ರ)ರವರು ಪ್ರವಾದಿವರ್ಯರ(ಸ) ಬಾಗಿಲು ತಟ್ಟಿದರು. ಯಾರೆಂದು ಕೇಳಲಾಯಿತು. ಅವರು ‘ನಾನು’ ಎಂದರು. ಪ್ರವಾದಿಯವರು(ಸ) ಆ ಶಬ್ದವನ್ನೇ ಮರಳಿ ಉಚ್ಚರಿಸಿದರು. ಅದು ಅವರಿಗೆ ಹಿಡಿಸಲಿಲ್ಲವೆಂಬುದು ಜಾಬಿರ್‌ರವರಿಗೆ ತಿಳಿಯಿತು. ಬಾಗಿಲಲ್ಲಿ ನಿಂತವನು ತನ್ನ ಹೆಸರು ಹೇಳಬೇಕೆಂಬ ಶಿಷ್ಟಾಚಾರವನ್ನು ವಿದ್ವಾಂಸರು ಈ ಹದೀಸಿನಿಂದ ತಿಳಿಸುತ್ತಾರೆ. ಇದರಲ್ಲಿ ನಮ್ಮ ವಿಷಯಕ್ಕೂ ಒಂದು ಪಾಠವಿದೆ. ಬರಿಯ ‘ನಾನು’ ಎಂಬುದು ಗುರುತೇ ಅಲ್ಲ. ಇಬ್ಲೀಸನೂ ಅದನ್ನೇ ಹೇಳಿದನು. ಹೆಸರು ಹೇಳುವುದೆಂದರೆ ಹೊಣೆಯನ್ನು ಒಪ್ಪಿಕೊಳ್ಳುವುದು. ಜಾಬಿರ್‌ರವರು ಅಂದು ಬಂದದ್ದಾದರೂ ಯಾವ ಕೆಲಸಕ್ಕೆ? ತಮ್ಮ ತೀರಿಹೋದ ತಂದೆಯ ಸಾಲದ ವಿಷಯವಾಗಿ. ಬಡಾಯಿಯ ‘ನಾನು’ ಹೊರಗೆ ಉಳಿಯಬೇಕು, ಸಾಲ ತೀರಿಸಲು ಬಂದ ‘ನಾನು’ ಒಳಗೆ ಬರಬೇಕು. ಈ ವಿವೇಕವೇ ಈ ಪಾಠದ ತಿರುಳು.

ಉಳಿಯಬೇಕಾದ ‘ನಾನು’

ಫನಾ ಎಂಬುದು ದಾರಿಯ ಕೊನೆಯಲ್ಲ. ಬಗ್ದಾದಿನ ಹಝ್ರತ್ ಜುನೈದ್(ರ)ರವರ ಕಾಲದಿಂದಲೂ ಸೂಫಿ ಗುರುಗಳು ಫನಾದ ನಂತರ ‘ಬಕಾ’ ಅಂದರೆ ಉಳಿಯುವಿಕೆಯನ್ನು ಹೇಳಿದ್ದಾರೆ. ಅಳಿದದ್ದು ಅಹಂಕಾರ, ಉಳಿದದ್ದು ದಾಸ್ಯ. ನಮ್ಮ ಮದ್ರಸಗಳಲ್ಲಿ ತಲೆಮಾರುಗಳಿಂದ ಓದಿಸಿಕೊಂಡು ಬಂದ ಶೇಖ್ ಸಅದಿಯವರ ‘ಬೋಸ್ತಾನ್’ (1257) ಕಾವ್ಯದ ವಿನಯದ ಅಧ್ಯಾಯದಲ್ಲಿ ಒಂದು ಹನಿಯ ಕಥೆಯಿದೆ. ಮೋಡದಿಂದ ಬಿದ್ದ ಹನಿಯು ಕಡಲಿನ ವಿಸ್ತಾರವನ್ನು ಕಂಡು, ಇದರ ಮುಂದೆ ತಾನೆಷ್ಟರದು ಎಂದು ನಾಚುತ್ತದೆ. ಆಗ ಸಿಂಪಿಯೊಂದು ಅದನ್ನು ತನ್ನ ಮಡಿಲಲ್ಲಿ ಸಲಹುತ್ತದೆ. ಹನಿಯು ರಾಜಯೋಗ್ಯವಾದ ಮುತ್ತಾಗುತ್ತದೆ. ತನ್ನನ್ನು ಇಲ್ಲವೆಂದು ಬಗೆದದ್ದಕ್ಕೆ ಅದು ಕರಗಿಹೋಗಲಿಲ್ಲ. ಮೊದಲಿಗಿಂತ ಗಟ್ಟಿಯಾಯಿತು.

ಹಾಗಾದರೆ ಮನ್ಸೂರ್ ಹಲ್ಲಾಜರ ‘ಅನಲ್ ಹಕ್’ ಎಂಬ ಮಾತು? ಅವರು 922ರಲ್ಲಿ ಬಗ್ದಾದಿನಲ್ಲಿ ವಧಿಸಲ್ಪಟ್ಟರು. ಆ ಮಾತನ್ನು ಕಾನೂನಿನ ದೃಷ್ಟಿಯಿಂದ ವಿದ್ವಾಂಸರು ಖಂಡಿಸಿದರು. ಕವಿಗಳು ಅವರ ಸ್ಥಿತಿಯನ್ನು ನೋಡಿ ಕನಿಕರಿಸಿದರು. ರೂಮಿಯವರು ಕುಲುಮೆಯ ಕಬ್ಬಿಣದ ಹೋಲಿಕೆ ಕೊಡುತ್ತಾರೆ. ಕೆಂಪಗೆ ಕಾದ ಕಬ್ಬಿಣವು ತಾನೇ ಬೆಂಕಿ ಎನ್ನುತ್ತದೆ. ಬಣ್ಣವೂ ಶಾಖವೂ ಬೆಂಕಿಯದೇ. ಆದರೆ ಕುಲುಮೆಯಿಂದ ಹೊರಗಿಟ್ಟರೆ ಅದು ಕಬ್ಬಿಣವೆಂಬುದನ್ನು ಕಮ್ಮಾರನ ಮಗುವೂ ಬಲ್ಲದು. ಆ ಮಾತು ಕಾದ ಕಬ್ಬಿಣದ ಬಾಯಲ್ಲಿ ಬಂದರೆ ಒಂದು ಸ್ಥಿತಿ; ತಣ್ಣಗಿರುವ ಕಬ್ಬಿಣ ಅದನ್ನೇ ಕಲಿತು ಹೇಳಿದರೆ ಬರಿಯ ಸುಳ್ಳು. ನಾವು, ನೀವು ತಣ್ಣಗಿನ ಕಬ್ಬಿಣ. ನಮಗೆ ಆ ಮಾತು ಸಲ್ಲದು.

ಅಲ್ಲಾಹನ ಸಾಮೀಪ್ಯ ಪಡೆಯುವ ದಾರಿಯನ್ನು ತಿಳಿಸುವ ಹದೀಸೆ ಕುದ್ಸಿಯೊಂದು ಬುಖಾರಿಯಲ್ಲಿದೆ. ದಾಸನು ಕಡ್ಡಾಯ ಕರ್ಮಗಳಿಂದ ಹತ್ತಿರವಾಗುತ್ತಾನೆ, ನಂತರ ಐಚ್ಛಿಕ ಕರ್ಮಗಳಿಂದ ಇನ್ನೂ ಹತ್ತಿರವಾಗುತ್ತಾನೆ, ಕೊನೆಗೆ ಅಲ್ಲಾಹನು ಅವನನ್ನು ಪ್ರೀತಿಸಿ ಅವನ ಕಿವಿ, ಕಣ್ಣು, ಕೈಯಾಗುತ್ತಾನೆ ಎಂಬುದು ಅದರ ಆಶಯ. ಸೂಫಿ ಕಾವ್ಯದ ಪ್ರೇಮದ ಮಾತುಗಳಿಗೆ ಇದೊಂದು ದೊಡ್ಡ ಆಧಾರ. ಆದರೆ ಈ ಏಣಿಯ ಮೊದಲ ಮೆಟ್ಟಿಲು ಫರ್ಝ್ ಕರ್ಮಗಳು. ಆ ಮೆಟ್ಟಿಲನ್ನು ಮುರಿದವನಿಗೆ ಮೇಲಿನ ಮೆಟ್ಟಿಲು ಎಲ್ಲಿಯದು? ಪ್ರವಾದಿವರ್ಯರ(ಸ) ಮಿಅರಾಜನ್ನು ನೆನೆಯಿರಿ. ಯಾವ ಸೃಷ್ಟಿಯೂ ಏರದ ಎತ್ತರಕ್ಕೆ ಅವರನ್ನು ಒಯ್ದ ಆ ರಾತ್ರಿಯ ಪ್ರಯಾಣವನ್ನು ಹೇಳುವಾಗ ಕುರ್‌ಆನ್ ಅವರನ್ನು ಕರೆದದ್ದು ಅಲ್ಲಾಹನ ‘ಅಬ್ದ್’ ಅಂದರೆ ದಾಸನೆಂದು. ಸಾಮೀಪ್ಯದ ಶಿಖರದಲ್ಲೂ ದಾಸ್ಯವು ಅಳಿಯಲಿಲ್ಲ, ಅದೇ ಕಿರೀಟವಾಯಿತು. ಆ ರಾತ್ರಿ ಉಮ್ಮತ್ತಿಗೆ ಸಿಕ್ಕ ಉಡುಗೊರೆಯೂ ನಮಾಝೇ.

ನಮ್ಮ ಕಾಲಕ್ಕೆ ಸಮೀಪದ ಅಲ್ಲಾಮಾ ಇಕ್ಬಾಲರು (1877-1938) ಈ ಉಳಿಯುವ ‘ನಾನು’ವಿನ ಕವಿ. ‘ಅಸ್ರಾರೆ ಖುದಿ’ (1915) ಎಂಬ ಪಾರ್ಸಿ ಕಾವ್ಯದಲ್ಲಿ ಅವರು ಖುದಿ ಎಂಬ ಶಬ್ದಕ್ಕೆ ಹೊಸ ಗೌರವ ತಂದರು. ಬಾಯಾರಿದ ಹಕ್ಕಿಯು ವಜ್ರವನ್ನು ಕುಟುಕಿ ಸೋಲುತ್ತದೆ, ಇಬ್ಬನಿಯ ಹನಿಯನ್ನು ಸುಲಭವಾಗಿ ನುಂಗುತ್ತದೆ ಎಂಬ ಕಥೆ ಅದರಲ್ಲಿದೆ. ಗಟ್ಟಿಯಾಗದ ವ್ಯಕ್ತಿತ್ವವು ಇನ್ನೊಬ್ಬರ ತುತ್ತಾಗುತ್ತದೆ ಎಂಬುದು ಅದರ ನೀತಿ. 1918ರಲ್ಲಿ ಅವರೇ ‘ರಮೂಝೆ ಬೇಖುದಿ’ಯನ್ನು ಬರೆದು, ಗಟ್ಟಿಯಾದ ವ್ಯಕ್ತಿಯು ಸಮುದಾಯದ ಸೇವೆಯಲ್ಲಿ ತನ್ನ ಸ್ವಾರ್ಥವನ್ನು ಮರೆಯಬೇಕೆಂದು ತೋರಿಸಿದರು. 1929ರಲ್ಲಿ ಅವರು ಬೆಂಗಳೂರು, ಮೈಸೂರುಗಳಿಗೆ ಬಂದಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಸಮಾಧಿಗೆ ಭೇಟಿ ಕೊಟ್ಟರು. 1932ರ ‘ಜಾವೀದ್ ನಾಮಾ’ದಲ್ಲಿ ಟಿಪ್ಪುವಿನಿಂದ ನಮ್ಮ ಕಾವೇರಿ ನದಿಗೆ ಸಂದೇಶ ಹೇಳಿಸಿದರು. ಅದೇ ಕಾವ್ಯದಲ್ಲಿ ಹಲ್ಲಾಜರ ಬಾಯಿಂದಲೇ ‘ಅಬ್ದ್’ ಎಂಬ ಪದವಿಯ ಹಿರಿಮೆಯನ್ನು ಹೇಳಿಸಿದ್ದು ಗಮನಾರ್ಹ.

ತನ್ನನ್ನು ಅಳೆಯುವ ಅಳತೆಗೋಲು

ಪ್ರಿಯ ಓದುಗರೇ, ಈ ಕಾವ್ಯದ ಮಾತು ನಮ್ಮ ಎದೆಗೆ ಇಳಿದಿದೆಯೋ ನಾಲಗೆಯ ತುದಿಯಲ್ಲೇ ನಿಂತಿದೆಯೋ ಎಂಬುದನ್ನು ಅಳೆಯಲು ದೂರ ಹೋಗಬೇಕಾಗಿಲ್ಲ. ನಮ್ಮ ವ್ಯವಹಾರವೇ ಅಳತೆಗೋಲು.

‘ನಾನೇ ಇಲ್ಲ’ ಎನ್ನುವವನು ಶನಿವಾರ ಮಾಲೀಕನ ಮುಂದೆ ಬಟವಡೆಗೆ ಕೈಚಾಚುವಾಗ ಇರುತ್ತಾನೆ. ಅಂಗಡಿಯ ಉದ್ರಿ ತೀರಿಸುವಾಗ ಮಾತ್ರ ಇಲ್ಲವಾಗುತ್ತಾನೆ. ಇದು ಫನಾ ಅಲ್ಲ, ಮೋಸ. ‘ಎಲ್ಲವೂ ಅಲ್ಲಾಹನದು, ನನ್ನದೇನಿದೆ?’ ಎಂದು ನಿಟ್ಟುಸಿರಿಡುವವನು ತಂದೆಯ ಹೊಲದಲ್ಲಿ ಅಕ್ಕತಂಗಿಯರಿಗೆ ಸಲ್ಲಬೇಕಾದ ಪಾಲನ್ನು ಕೊಟ್ಟಿದ್ದಾನೆಯೇ? ಕೊಡದಿದ್ದರೆ ಅವನ ನಿಟ್ಟುಸಿರಿಗೆ ಬೆಲೆಯಿಲ್ಲ. ಕುರ್‌ಆನ್ ನಿಗದಿಪಡಿಸಿದ ಆ ಪಾಲನ್ನು ತಡೆಹಿಡಿದಿರುವುದು ಅಳಿಯಬೇಕಾದ ‘ನಾನು’ವೇ ಅಲ್ಲವೇ? ಮಸೀದಿಗೆ ಒಂದು ಪಂಖಾ ಕೊಟ್ಟು ಅದರ ರೆಕ್ಕೆಯ ಮೇಲೆ ತನ್ನ ಹೆಸರು ಬರೆಸುವವನಿದ್ದಾನೆ. ಪಂಖಾ ತಿರುಗುವಾಗ ಹೆಸರು ಕಾಣುವುದಿಲ್ಲ, ಗಾಳಿ ಮಾತ್ರ ಬರುತ್ತದೆ. ನಿಂತಾಗ ಹೆಸರು ಕಾಣುತ್ತದೆ, ಗಾಳಿ ಇರುವುದಿಲ್ಲ. ಇಷ್ಟನ್ನು ನೋಡಿ ತಿಳಿದವನಿಗೆ ಬೇರೆ ಪಾಠ ಬೇಡ. ಕಾವ್ಯವನ್ನು ತಿರಸ್ಕರಿಸುವ ಸಹೋದರನೂ ತನ್ನನ್ನು ಕೇಳಿಕೊಳ್ಳಲಿ: ಇನ್ನೊಬ್ಬನ ಈಮಾನನ್ನು ಅಳೆಯುವಾಗ ತನ್ನೊಳಗೆ ಮಾತಾಡುವುದು ತೌಹೀದಿನ ಕಾಳಜಿಯೋ, ತಾನು ಅವನಿಗಿಂತ ಮೇಲೆಂಬ ಆ ಹಳೆಯ ದನಿಯೋ?

ರೂಮಿಯವರು ಇನ್ನೊಂದು ಕಥೆಯಲ್ಲಿ ದೋಣಿಯೇರಿದ ವ್ಯಾಕರಣ ಪಂಡಿತನೊಬ್ಬನನ್ನು ತರುತ್ತಾರೆ. ವ್ಯಾಕರಣ ತಿಳಿಯದ ಅಂಬಿಗನ ಅರ್ಧ ಆಯುಷ್ಯ ವ್ಯರ್ಥವಾಯಿತೆಂದು ಪಂಡಿತನು ಹಂಗಿಸುತ್ತಾನೆ. ಬಿರುಗಾಳಿ ಎದ್ದಾಗ, ಈಜು ಬಾರದ ಪಂಡಿತನ ಪೂರ್ತಿ ಆಯುಷ್ಯವೇ ವ್ಯರ್ಥವಾಯಿತೆಂದು ಅಂಬಿಗನು ಹೇಳುತ್ತಾನೆ. ವುಜೂದ್, ಶುಹೂದ್, ಫನಾ, ಬಕಾ ಎಂಬ ಶಬ್ದಗಳನ್ನು ಬಲ್ಲೆವೆಂದು ಹಿಗ್ಗುವ ನಮ್ಮಂಥ ಓದಿದವರಿಗೂ ಇದು ಎಚ್ಚರಿಕೆ.

ಪ್ರತಿಯೊಬ್ಬನೂ ಪುನರುತ್ಥಾನದ ದಿನ ತನ್ನ ಪ್ರಭುವಿನ ಬಳಿಗೆ ಒಂಟಿಯಾಗಿ ಬರುವನೆಂದು ಸೂರಃ ಮರ್ಯಮ್ ತಿಳಿಸುತ್ತದೆ. ಅಂದು ವಕೀಲರನ್ನು ಕಳಿಸುವಂತಿಲ್ಲ, ಮಗನನ್ನು ಕಳಿಸುವಂತಿಲ್ಲ, ನಾನು ಇರಲೇ ಇಲ್ಲವೆಂದು ತಪ್ಪಿಸಿಕೊಳ್ಳುವಂತಿಲ್ಲ. ಖುದ್ದಾಗಿ ಹಾಜರಾಗಬೇಕು. ಬಡಾಯಿಯ ‘ನಾನು’ವನ್ನು ಇಲ್ಲಿಯೇ ಕಳಚಿಟ್ಟು, ಹೊಣೆಯ ‘ನಾನು’ವನ್ನು ಅಲ್ಲಿಗೆ ಕೊಂಡೊಯ್ಯುವವನೇ ಜಾಣನು. ಅಹಂಕಾರವನ್ನು ಅಳಿಸಿ ದಾಸ್ಯವನ್ನು ಉಳಿಸಿಕೊಳ್ಳುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.